ಎಡಕ್ಕೆ ಎಳೆಯುವ ಗಾಡಿ

ನಮ್ಮ ಮನೆಗೆ ಮೂರು ಜೀಪುಗಳು ಬಂದವು. ಮೂರನೆಯದು ಎಡಕ್ಕೆ ಎಳೆಯುತ್ತದೆ ಎಂದು ನನ್ನ ಗಂಡ ನಂಬಿದ್ದರು. ಅದು ಎಳೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಹೇಳಬೇಕಾದರೆ ಮೂರು ಗಾಡಿಗಳ ವಿಷಯವನ್ನೂ ಹೇಳಬೇಕಾಗುತ್ತದೆ. ಹೇಳುವುದಕ್ಕೆ ನನಗೆ ಅಂಥ ಕಷ್ಟವೇನೂ ಇಲ್ಲ. ಆ ಎಂಟು ತಿಂಗಳಲ್ಲೂ ಕಷ್ಟ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ.

ನಾನು ಮೈಸೂರು ಕಡೆಯವಳು. ಕೆಲಸಕ್ಕೆಂದು ಚೆನ್ನೈಗೆ ಬಂದು, ಇಲ್ಲೇ ಮದುವೆಯಾಗಿ ಉಳಿದೆ. ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕಸುಬು. ಹಾಗಾಗಿ ಎಲ್ಲಿಗೆ ಹೋದರೂ ಬಾಗಿಲು ಎತ್ತ ತೆರೆಯುತ್ತದೆ, ಮೆಟ್ಟಿಲು ಎಷ್ಟು ಎತ್ತರ, ಹಿಡಿಕೆ ಯಾರ ಕೈಗೆ ಸಿಗುತ್ತದೆ ಎಂದು ನೋಡುವ ಚಟ. ತಪ್ಪಿದ್ದರೆ ಬೈಯುವ ಚಟವೂ ಇದೆ. ಇವರ ಮನೆಯವರು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ವೈಷ್ಣವರು. ಇವರ ಕನ್ನಡದಲ್ಲಿ ಅರ್ಧ ತಮಿಳು. ಗಾಡಿಗೆ ವಂಡಿ ಅನ್ನುತ್ತಾರೆ, ನನ್ನನ್ನು ‘ಮಾ’ ಅನ್ನುತ್ತಾರೆ. ವಡಪಳನಿಯ ಒಂದು ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಶಬ್ದ ಜೋಡಿಸುವ ಕೆಲಸ ಇವರದು. ಕಾಡಿನ ಮೌನಕ್ಕೂ ಮನೆಯ ಮೌನಕ್ಕೂ ವ್ಯತ್ಯಾಸ ಇರುತ್ತದೆ ಎಂದು ವಾದ ಮಾಡುವ ಮನುಷ್ಯ. ಗಾಡಿಯಲ್ಲಿ ಎಲ್ಲೋ ಒಂದು ನಟ್ಟು ಸಡಿಲವಾಗಿದ್ದರೆ ಯಾವ ಮೂಲೆಯಲ್ಲಿ ಎಂದು ಕಿವಿಯಿಂದಲೇ ಹೇಳುತ್ತಿದ್ದರು.

ಮೊದಲನೆಯದು ಕ್ಯಾನ್ವಾಸ್ ಹೊದಿಕೆಯ ಹಳೇ ಜೀಪು. ಯಾರೋ ಉಪಯೋಗಿಸಿ ಬಿಟ್ಟದ್ದು. ಅದನ್ನು ಮುರುಗನ ಗುಡಿಯ ಮುಂದೆ ನಿಲ್ಲಿಸಿ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡಿಸಿದಾಗ ಪೂಜಾರಿಯೇ ನಕ್ಕಿದ್ದರು. ಅದರ ಸ್ಟೀರಿಂಗ್ ತಿರುಗಿಸಿದರೆ ಗಾಡಿ ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ. ಬೆಂಕಿಯ ಮೇಲೆ ಕೂರಿಸುವ ಈ ಬುದ್ಧಿ ಯಾರಿಗೆ ಬಂತೋ. ಎಂಜಿನ್ನಿನ ಶಾಖವೆಲ್ಲ ನೇರವಾಗಿ ಕಾಲಿಗೆ ಬಡಿಯುತ್ತಿತ್ತು. ಚೆನ್ನೈಯ ಮೇ ತಿಂಗಳಲ್ಲಿ ಅದನ್ನು ಓಡಿಸಿದರೆ ಪಾದ ಒಲೆಯ ಪಕ್ಕ ಇಟ್ಟ ಹಾಗೆ. ಮಳೆ ಬಂದರೆ ನೀರು ಮೇಲಿಂದ ಬರುತ್ತಿರಲಿಲ್ಲ, ಕೆಳಗಿಂದ ಬರುತ್ತಿತ್ತು. ಆದರೆ ಪಕ್ಕದಲ್ಲಿ ಕೂರುವವರ ಮುಂದೆ, ಡ್ಯಾಶ್‌ಬೋರ್ಡಿನ ಉದ್ದಕ್ಕೂ ಒಂದು ಕಬ್ಬಿಣದ ಸರಳು ಇತ್ತು. ಯಾವ ಕೈಯಿಂದ ಬೇಕಾದರೂ ಹಿಡಿದುಕೊಳ್ಳಬಹುದು. ಆಗ ಅದರ ಬೆಲೆ ನನಗೆ ತಿಳಿಯಲಿಲ್ಲ.

ಎರಡನೆಯದು ಚಿಕ್ಕದು, ಹಗುರ, ಪೆಟ್ರೋಲಿನದು. ಮೇಕೆಯ ಹಾಗೆ ಎಲ್ಲಿ ಬೇಕಾದರೂ ಹತ್ತುತ್ತಿತ್ತು. ಬೆಸೆಂಟ್ ನಗರದ ಗಲ್ಲಿಗಳಲ್ಲಿ ಎಲ್ಲಿ ಜಾಗ ಇಲ್ಲವೋ ಅಲ್ಲಿ ನಿಲ್ಲುತ್ತಿತ್ತು. ನನಗೆ ಇಷ್ಟವಾದ ಗಾಡಿ ಅಂದರೆ ಅದೊಂದೇ. ಅದರ ಹಿಂಬಾಗಿಲು ಮಾತ್ರ ನಾವು ಎಡಗಡೆ ಓಡಾಡುವ ದೇಶದವರು ಅನ್ನುವುದನ್ನು ಮರೆತು ಮಾಡಿದ್ದು. ತೆರೆದರೆ ಫುಟ್‌ಪಾತಿಗೆ ಅಡ್ಡ ನಿಲ್ಲುತ್ತಿತ್ತು, ಸಾಮಾನು ಇಡಬೇಕಾದರೆ ರಸ್ತೆಗೆ ಇಳಿದು ಬಸ್ಸುಗಳ ಬಾಯಿಗೆ ಬೆನ್ನು ಕೊಡಬೇಕು. ಏಸಿ ಹಾಕಿದರೆ ಏರು ಹತ್ತುವುದಿಲ್ಲ, ಏರು ಹತ್ತಬೇಕಾದರೆ ಏಸಿ ನಿಲ್ಲಿಸಬೇಕು. ಸಣ್ಣ ಗುಂಡಿ ಬಂದರೂ ಎಗರಿ ಬೀಳುತ್ತಿತ್ತು. ಇವರು ಅದರ ಶಬ್ದ ಸರಿಯಿಲ್ಲ ಎಂದು ಮಾರಿದರು. ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಕೇಳಿಸುತ್ತದಂತೆ.

ಈ ಗಾಡಿಗಳ ಜೊತೆ ಇದ್ದು ಇದ್ದು ನಮಗೊಂದು ಅಭ್ಯಾಸವಾಗಿತ್ತು. ಪ್ರತಿಯೊಂದಕ್ಕೂ ಒಂದು ಹುಟ್ಟುಗುಣ ಇರುತ್ತದೆ, ಅದಕ್ಕೆ ತಕ್ಕ ಹಾಗೆ ನಮ್ಮ ಕೈ ಹೊಂದಿಸಿಕೊಳ್ಳಬೇಕು ಎನ್ನುವುದು. ನಾವು ಸೇರಿಕೊಂಡಿದ್ದ ಜೀಪಿನವರ ಗುಂಪಿನಲ್ಲೂ ಇದೇ ಪದ್ಧತಿ. ಯಾರಾದರೂ ಮರಳಿನಲ್ಲಿ ಹೂತುಹೋದರೆ, ದಾರಿ ಬಿಟ್ಟು ಹೋದರೆ, ಓಡಿಸಿದವರನ್ನು ಏನೂ ಅನ್ನುವ ಹಾಗಿಲ್ಲ. ಅದು ಅವಮರ್ಯಾದೆ. ಮೊದಲು ಗಾಡಿ ನೋಡಬೇಕು. ಟಯರಿನಲ್ಲಿ ಗಾಳಿ ಎಷ್ಟಿದೆ, ಬೋಲ್ಟು ಸಡಿಲವಾ, ಚಕ್ರದ ಹಿಂದಿನ ರಬ್ಬರ್ ಬುಷ್ ಸವೆದುಹೋಗಿದೆಯಾ. ಒಳ್ಳೆ ಪದ್ಧತಿ ಎಂದೇ ನಾನು ಅಂದುಕೊಂಡಿದ್ದೆ.

ಮೂರನೆಯದು ಹೊಸದು. ದೊಡ್ಡದು, ಕಪ್ಪು, ಗಟ್ಟಿ ಮೇಲ್ಛಾವಣಿಯದು. ಕಂಪನಿಯ ಹೆಸರು ಬೇಡ. ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ದಪ್ಪ ಅಂದರೆ ತಿರುವಿನಲ್ಲಿ ಒಂದು ಇಡೀ ಆಟೋ ಅದರ ಹಿಂದೆ ಮರೆಯಾಗುತ್ತದೆ. ಕಾಲಿಡುವ ಹಲಗೆ ಇಲ್ಲ. ಹತ್ತಲು ಹಿಡಿಕೆ ಕೊಟ್ಟಿದ್ದಾರೆ, ಪಕ್ಕದ ಸೀಟಿನವರ ಎಡಗೈಗೆ ಮಾತ್ರ. ಬಲಗೈಗೆ ಹಿಡಿಯಲು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಇದೆಲ್ಲದರ ಮೇಲೆ ಅದು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಮೊದಲ ದಿನದಿಂದಲೇ ಎಳೆಯುತ್ತಿತ್ತು, ಸ್ವಲ್ಪವೇ. ಅದೇ ಗಾಡಿ ಇಟ್ಟುಕೊಂಡ ಬೇರೆಯವರೂ ಹೇಳುತ್ತಿದ್ದರು. ಸರ್ವಿಸ್‌ನವರನ್ನು ಕೇಳಿದರೆ, ಇದು ಹಾಗೇ ಮೇಡಂ ಎಂದರು.

ಆ ಭಾನುವಾರ ನಾವು ಬೆಳಿಗ್ಗೆ ಬೇಗ ಎದ್ದು ಆರು ಗಂಟೆಗೆ ಬೆಸೆಂಟ್ ನಗರದಲ್ಲಿ ಗುಂಪಿನವರ ಜೊತೆ ಕಾಫಿ ಕುಡಿದು, ದಕ್ಷಿಣಕ್ಕೆ ಸಮುದ್ರದ ರಸ್ತೆ ಹಿಡಿದೆವು. ಬತ್ತಿದ ಒಂದು ಕೆರೆಯ ಅಂಗಳದಲ್ಲಿ ಓಡಿಸುವುದಿತ್ತು. ಇವರು ಓಡಿಸುತ್ತಿದ್ದರು. ಏಳು ಗಂಟೆಯ ಹೊತ್ತಿಗೆ ಇವರು ಹೇಳಿದರು, “ವಂಡಿ ಇವತ್ತು ಜಾಸ್ತಿನೇ ಎಡಕ್ಕೆ ಎಳೀತಾ ಇದೆ ಮಾ.”

“ಎಳೀದೆ ಇನ್ನೇನು ಮಾಡುತ್ತೆ ರೀ. ಅದರ ಹಣೆಬರಹವೇ ಅಷ್ಟು.”

ನಿಲ್ಲಿಸಿ ಗಾಳಿ ನೋಡಿದೆವು. ಮುಂದಿನ ಎಡಚಕ್ರದಲ್ಲಿ ಸ್ವಲ್ಪ ಕಮ್ಮಿ ಇತ್ತು. ಕಾರಣ ಸಿಕ್ಕಿತಲ್ಲ ಎಂದು ಇಬ್ಬರಿಗೂ ಸಮಾಧಾನ. ಗಾಳಿ ತುಂಬಿಸಿ ಹೊರಟ ಸ್ವಲ್ಪ ಹೊತ್ತಿಗೇ ಎಡಗಡೆಯ ಕನ್ನಡಿ ಒಂದು ಕಂಬಕ್ಕೆ ತಾಗಿ ಮಡಚಿಕೊಂಡಿತು. ಇವರು ತಿರುಗಿಯೂ ನೋಡಲಿಲ್ಲ. ನಾನು ಕೂಗಾಡಿದೆ. ಇವರ ಮೇಲಲ್ಲ, ಕಂಪನಿಯ ಮೇಲೆ. ಇಷ್ಟು ದುಡ್ಡು ಸುರಿದು ತಗೊಂಡ ಗಾಡಿಗೆ ನೆಟ್ಟಗೆ ಹೋಗುವ ಯೋಗ್ಯತೆ ಇಲ್ಲವಲ್ಲ ಎಂದು. ಇವರೂ ಸೇರಿಕೊಂಡರು. ಇಬ್ಬರೂ ಸೇರಿ ಯಾರನ್ನಾದರೂ ಬೈಯುವುದು ನಮ್ಮಲ್ಲಿ ಒಂದು ಸುಖದ ಕೆಲಸ. ಹಿಂದೆ ಬರುತ್ತಿದ್ದ ಗುಂಪಿನವರಿಗೆ ನೀವು ಮುಂದೆ ಹೋಗಿ, ಬರುತ್ತೇವೆ ಎಂದೆವು.

ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡೋಣ ಎಂದವಳು ನಾನು. ಇದನ್ನು ಒತ್ತಿ ಹೇಳುತ್ತೇನೆ. ಎಳೆತ ಟಯರಿನಲ್ಲಿದ್ದರೆ ಅದಲುಬದಲಿನಿಂದ ಗೊತ್ತಾಗುತ್ತದೆ, ಇದು ಗುಂಪಿನಲ್ಲಿ ಎಲ್ಲರೂ ಮಾಡುವುದೇ. ಗಾಳಿಮರದ ತೋಪಿನ ನೆರಳಿನಲ್ಲಿ ಜಾಕ್ ಹಾಕಿದೆವು. ಇವರು ಸ್ಪ್ಯಾನರ್ ಎರಡು ಸಲ ಕೆಳಗೆ ಹಾಕಿದರು.

“ಕೈಯಲ್ಲಿ ಬಲ ಇಲ್ವಾ? ರಾತ್ರಿ ಊಟ ಮಾಡಿಲ್ವಾ?” ಎಂದೆ.

“ಎಣ್ಣೆ ಆಗಿದೆ ಮಾ, ಜಾರ್ತಾ ಇದೆ,” ಎಂದರು.

ಸ್ಪ್ಯಾನರಿನಲ್ಲಿ ಎಣ್ಣೆ ಇರಲಿಲ್ಲ. ನಾನು ಅದನ್ನು ಕಿತ್ತುಕೊಂಡು ನಟ್ಟುಗಳನ್ನೆಲ್ಲ ನಾನೇ ಬಿಚ್ಚಿದೆ, ನಾನೇ ಬಿಗಿದೆ. ಅಷ್ಟು ಭಾರದ ಚಕ್ರವನ್ನು ಮೊಣಕಾಲ ಮೇಲೆ ಎತ್ತಿಟ್ಟು ಕೂರಿಸಿದೆ. ಬೆವರು ಒರೆಸಿಕೊಂಡು ಹೆಮ್ಮೆಪಟ್ಟೆ. ಒಂದು ಗಂಟೆಗೆ ಹತ್ತು ನಿಮಿಷ ಕಮ್ಮಿ ಹಿಡಿಯಿತು. ಆ ಐವತ್ತು ನಿಮಿಷದಲ್ಲಿ ಒಂದು ಸಲವಾದರೂ ತಲೆ ಎತ್ತಿ ಇವರ ಮುಖ ನೋಡಿದೆನಾ ಎಂದು ಆಮೇಲೆ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ನಟ್ಟುಗಳು ನೆನಪಿವೆ, ಮುಖ ನೆನಪಿಲ್ಲ.

ಆಮೇಲೆ ನಾನು ಓಡಿಸಿ ಪರೀಕ್ಷೆ ಮಾಡಿದೆ. ಗಾಡಿ ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತು. ನೋಡಿದಿರಾ ಎಂದು ಜಂಬ ಕೊಚ್ಚಿದೆ. ಇವರು ಮತ್ತೆ ಸ್ಟೀರಿಂಗ್ ಹಿಡಿದರು, ಗಾಡಿ ಮತ್ತೆ ಎಡಕ್ಕೆ ಹೋಯಿತು. ಹಾಗಾದರೆ ಟಯರಲ್ಲ, ಒಳಗೆ ಬುಷ್ ಏನೋ ಹೋಗಿರಬೇಕು, ಸೋಮವಾರ ವರ್ಕ್‌ಶಾಪಿಗೆ ಬಿಡೋಣ ಎಂದು ತೀರ್ಮಾನಿಸಿ ಕೆರೆಯವರೆಗೂ ಹೋದೆವು. ಅಲ್ಲಿ ಹತ್ತು ಗಂಟೆಗೆ ಇಡ್ಲಿ ತಿನ್ನುವಾಗ ಚಟ್ನಿ ಇವರ ಬಾಯಿಯ ಎಡಗಡೆಯಿಂದ ಅಂಗಿಯ ಮೇಲೆ ಇಳಿಯಿತು. ಇವರಿಗೆ ಗೊತ್ತಾಗಲಿಲ್ಲ. ಆಗ ಮುಖ ನೋಡಿದೆ. ಅರ್ಧ ಮುಖ ಜೋತುಬಿದ್ದಿತ್ತು.

ಇವರನ್ನು ಪಕ್ಕದ ಸೀಟಿಗೆ ಎತ್ತಿ ಹಾಕಿ ನಗರಕ್ಕೆ ನಾನೇ ಓಡಿಸಿಕೊಂಡು ಬಂದೆ. ಗಾಡಿ ಇಡೀ ದಾರಿ ನೆಟ್ಟಗೆ ಓಡಿತು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಪೆನ್ನು ಹಿಡಿದುಕೊಂಡು, ಯಾವಾಗ ಶುರುವಾಯಿತು ಎಂದು ಕೇಳಿದರು. ಹತ್ತು ಗಂಟೆಗೆ ಎಂದೆ. ಅದಕ್ಕೂ ಮುಂಚೆ ಏನಾದರೂ ಕಂಡಿತಾ, ಕೈ ಸೋತಿತ್ತಾ, ನಡಿಗೆ ತಪ್ಪಿತಾ? ಇಲ್ಲ, ಏನೂ ಇಲ್ಲ, ಗಾಡಿ ಮಾತ್ರ ಒಂದೇ ಸಮ ಎಡಕ್ಕೆ ಎಳೆಯುತ್ತಿತ್ತು ಎಂದೆ. ಅವರ ಪೆನ್ನು ನಿಂತಿತು.

“ಯಾರು ಓಡಿಸ್ತಿದ್ದರು?” ಎಂದು ತಮಿಳಿನಲ್ಲಿ ಕೇಳಿದರು.

ನಾನು ಹೇಳಿದೆ.

“ಎಷ್ಟು ಹೊತ್ತಿನಿಂದ ಎಳೀತಿತ್ತು?”

“ಏಳು ಗಂಟೆಯಿಂದ.”

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇತ್ತು. ಮೆದುಳಿನಲ್ಲಿ ಕಟ್ಟಿಕೊಂಡ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಈಗ ಕೊಟ್ಟರೆ ಅಪಾಯ ಎಂದರು. ಸೋತ ಎಡಗೈಯ ಭಾರವೇ ಸ್ಟೀರಿಂಗನ್ನು ಎಳೆಯುತ್ತಿದ್ದಿರಬೇಕು ಎಂದೂ ಹೇಳಿದರು. ಬಹಳ ಮೃದುವಾಗಿ ಹೇಳಿದರು. ಇಪ್ಪತ್ತೈದು ನಿಮಿಷ ತಡ. ನಾನು ಚಕ್ರ ಬಿಚ್ಚಿ ಹಾಕಿದ್ದು ಐವತ್ತು. ನಾನು ಅಳಲಿಲ್ಲ. ಸರಿ ಎಂದೆ. ಆಮೇಲೆ ಯಾವ ಫಾರಮ್ಮಿಗೆ ಸಹಿ ಹಾಕಬೇಕು ಎಂದು ಕೇಳಿದೆ.

ಅಲ್ಲಿಂದಾಚೆ ನನ್ನೊಳಗೆ ಏನೂ ಅಲುಗಾಡಲಿಲ್ಲ. ಊಟ ಮಾಡುತ್ತಿದ್ದೆ, ನಕ್ಷೆ ಬಿಡಿಸುತ್ತಿದ್ದೆ, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆ. ನೆಂಟರು ಬಂದು ಎಷ್ಟು ಧೈರ್ಯ ನಿಮಗೆ ಎಂದರೆ ಕಾಫಿ ಕೊಡುತ್ತಿದ್ದೆ. ಇವರ ಮಾತು ಬೇಗ ಸರಿಹೋಯಿತು, ಕೊಂಚ ತೊದಲು ಉಳಿಯಿತು. ಕೋಲು ಹಿಡಿದು ನಡೆಯುವ ಹಾಗಾದರು. ಎಡಗೈ ಮಾತ್ರ ಎದೆಯ ಹತ್ತಿರ ಮಡಚಿಕೊಂಡು ಹಾಗೇ ನಿಂತಿತು. ಮಾತು ಬಂದ ಮೇಲೆ ಇವರು ಮೊದಲು ವಿಚಾರಿಸಿದ್ದೇ ಗಾಡಿಯನ್ನು.

“ಆ ಬುಷ್ ನೋಡಿಸಿದೆಯಾ?”

ಇಲ್ಲ ರೀ, ಗಾಡಿಗೆ ಏನೂ ಆಗಿರಲಿಲ್ಲ, ಎಳೆದದ್ದು ನಿಮ್ಮ ಕೈ, ಅದನ್ನು ನೋಡದೆ ನಾನು ನಟ್ಟು ಬಿಚ್ಚುತ್ತಾ ಕೂತಿದ್ದೆ, ಎಂದು ಅವತ್ತೇ ಹೇಳಬೇಕಿತ್ತು. “ನೋಡಿಸ್ತೀನಿ,” ಎಂದೆ. ಗಾಡಿಯ ಮೇಲೆ ಇವರಿಗೆ ಸಿಟ್ಟಿತ್ತು. ಆ ಸಿಟ್ಟು ಅಲ್ಲೇ ಇದ್ದರೆ ತಮ್ಮ ಕೈಯ ಮೇಲೆ ಬರುವುದಿಲ್ಲ, ನನ್ನ ಮೇಲೂ ಬರುವುದಿಲ್ಲ. ಮೂವತ್ತು ವರ್ಷದ ಸಂಸಾರ. ಇವರು ಊಟದ ತಟ್ಟೆಯ ಮುಂದೆ ಕೂತು ನನ್ನನ್ನು ಆ ದೃಷ್ಟಿಯಿಂದ ನೋಡಿಬಿಟ್ಟರೆ ಎಂದು ನನಗೆ ಹೆದರಿಕೆ. ಅಷ್ಟು ಮಾತ್ರ ಗೊತ್ತಿತ್ತು, ಅದೂ ದೂರದಿಂದ ಕೇಳಿಸುವ ಹಾಗೆ.

ಕೋಯಂಬೇಡು ಮಾರ್ಕೆಟ್ಟಿನ ಹಿಂದೆ ನಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಮೊದಲ ಜೀಪಿನ ಕಾಲದಿಂದ ನಮ್ಮ ಗಾಡಿಗಳನ್ನೆಲ್ಲ ನೋಡಿದವರು. ಬಿಟ್ಟೆ. ಅವರು ಎಲ್ಲ ನೋಡಿ “ಒಣ್ಣುಮೇ ಇಲ್ಲೆ ಮೇಡಂ” ಎಂದರು. ಏನೂ ತೊಂದರೆ ಇಲ್ಲ. ಮನೆಗೆ ಬಂದು, ಒಂದು ಬುಷ್ ಬದಲಾಯಿಸಿದ್ದಾರೆ ಎಂದೆ. ಎರಡು ತಿಂಗಳು ಬಿಟ್ಟು ಇವರು ಸ್ಟೀರಿಂಗಿನ ಟೈ ರಾಡ್ ಹೋಗಿರಬೇಕು ಎಂದರು. ಮತ್ತೆ ಬಿಟ್ಟೆ, ಮತ್ತೆ ಸುಳ್ಳು ಹೇಳಿದೆ. ಮೆಕ್ಯಾನಿಕ್ ನನ್ನನ್ನು ಒಂದು ಥರಾ ನೋಡತೊಡಗಿದರು. ಮೂರನೆಯ ಸಲ ಬಿಟ್ಟಾಗ, ಚಕ್ರಗಳನ್ನು ಯಾರೋ ಅದಲುಬದಲು ಮಾಡಿದ್ದಾರೆ, ಸರಿಯಾಗೇ ಮಾಡಿದ್ದಾರೆ, ಮೊದಲಿದ್ದ ಸಣ್ಣ ಎಳೆತ ಅದರಿಂದಲೇ ಹೋಗಿದೆ ಎಂದರು. ಯಾರು ಮಾಡಿದ್ದು ಎಂದು ಕೇಳಿದರು. ನಾನೇ ಎಂದೆ. ಒಳ್ಳೇ ಕೆಲಸ ಎಂದು ತಲೆದೂಗಿದರು.

ಕೊನೆಗೆ ಗಾಡಿ ಮಾರೋಣ ಎಂದು ಇವರೇ ಹೇಳಿದರು. ಆದರೆ ಮಾರುವ ಮುಂಚೆ ಒಂದು ಸಲ ಕೂತು ನೋಡಬೇಕಂತೆ. “ಎಳೆಯೋ ವಂಡಿನ ಹೇಳದೆ ಕೇಳದೆ ಇನ್ನೊಬ್ಬರ ತಲೆಗೆ ಕಟ್ಟೋದು ತಪ್ಪು ಮಾ. ನಾಳೆ ಅವರ ಮನೇಲಿ ಏನಾದ್ರೂ ಆದ್ರೆ?”

ನಾನು ಬೇಡವೆನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಗಾಡಿಯನ್ನು ಮೊದಲೇ ವರ್ಕ್‌ಶಾಪಿಗೆ ಬಿಟ್ಟಿದ್ದೆ, ನಾವು ಆಟೋದಲ್ಲಿ ಹೋದೆವು. ನಡು ಮಧ್ಯಾಹ್ನ, ಮಾರ್ಕೆಟ್ಟಿನ ಕಡೆಯಿಂದ ಕೊಳೆತ ಕೋಸಿನ ವಾಸನೆ. ಮೆಕ್ಯಾನಿಕ್ಕೂ ನಾನೂ ಸೇರಿ ಮೊದಲು ಇವರನ್ನು ಪಕ್ಕದ ಸೀಟಿಗೆ ಹತ್ತಿಸಲು ನೋಡಿದೆವು. ಆಮೇಲೆ ನೆನಪಾಯಿತು, ಹಿಂದಿನ ಸೀಟಿಗೆ ಬೇರೆ ಬಾಗಿಲೇ ಇಲ್ಲ. ಪಕ್ಕದ ಸೀಟನ್ನು ಮಡಚಿ ನಾನು ಮೊದಲು ಒಳಗೆ ತೂರಿಕೊಳ್ಳಬೇಕು. ಡ್ರೈವರ್ ಸೀಟು ಮಡಚುವುದೂ ಇಲ್ಲ. ಸೀರೆ ಉಟ್ಟ ಐವತ್ತೈದರ ಹೆಂಗಸು ಹಿಂದೆ ಕೂರುತ್ತಾಳೆ ಎಂದು ಆ ನಕ್ಷೆ ಬಿಡಿಸಿದ ಪುಣ್ಯಾತ್ಮನ ತಲೆಗೆ ಹೊಳೆದೇ ಇಲ್ಲ. ನಾನು ತೂರಿಕೊಂಡ ಮೇಲೆ ಮೆಕ್ಯಾನಿಕ್ ಇವರನ್ನು ಸೊಂಟ ಹಿಡಿದು ಎತ್ತಿ ಕೂರಿಸಿದರು. ಹಿಡಿಕೆ ಇವರ ಎಡಗಡೆ ಇತ್ತು, ಕೈ ಹೋಗಲಿಲ್ಲ.

ಮಾರ್ಕೆಟ್ಟಿನ ಹಿಂದಿನ ಉದ್ದ ರಸ್ತೆ ಆ ಹೊತ್ತಿಗೆ ಖಾಲಿ. ಮೆಕ್ಯಾನಿಕ್ ವೇಗ ಹಿಡಿಸಿ, “ಪಾರುಂಗ ಸಾರ್, ನೋಡಿ,” ಎಂದು ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಗಾಡಿ ನೆಟ್ಟಗೆ ಹೋಯಿತು. ರಸ್ತೆಯ ಕೊನೆಯವರೆಗೂ ಹೋಯಿತು. ತಿರುಗಿಸಿಕೊಂಡು ಬಂದು ಇನ್ನೊಮ್ಮೆ ತೋರಿಸಿದರು.

“ಯಾವ ಬುಷ್ ಬದಲಾಯಿಸಿದಿರಿ?” ಎಂದು ಇವರು ಕೇಳಿದರು.

ಏನೂ ಬದಲಾಯಿಸಿಲ್ಲ ಸಾರ್, ಮೇಡಂ ಅವತ್ತು ಚಕ್ರ ಅದಲುಬದಲು ಮಾಡಿದರಲ್ಲ, ಅಲ್ಲಿಗೇ ಸರಿಹೋಗಿದೆ, ನಾನು ಮೂರು ಸಲವೂ ಹಾಗೇ ವಾಪಸ್ಸು ಕೊಟ್ಟೆ ಎಂದರು ಆ ಮನುಷ್ಯ. ಅವರ ತಪ್ಪೇನಿಲ್ಲ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಮಾತಾಡುತ್ತಾ ವರ್ಕ್‌ಶಾಪಿನ ಕಡೆ ನಡೆದುಹೋದರು.

ಇವರು ಮುಂದೆ ನೋಡುತ್ತಾ ಕೂತಿದ್ದರು. ನನಗೆ ಇವರ ಹಿಂದಲೆ ಮಾತ್ರ ಕಾಣುತ್ತಿತ್ತು.

“ಚಕ್ರ ಬದಲಾಯಿಸಿದ ಮೇಲೂ ನಾನು ಓಡಿಸ್ದಾಗ ಎಳೀತು,” ಎಂದರು.

“ಹೂಂ.”

“ನೀನು ಓಡಿಸ್ದಾಗ ಎಳೀಲಿಲ್ಲ.”

“ಇಲ್ಲ.” ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ಡಾಕ್ಟರ್ ಅವತ್ತೇ ಹೇಳಿದರು ರೀ. ಇಪ್ಪತ್ತೈದು ನಿಮಿಷ ತಡ ಅಂತ. ನಾನು ಆ ಚಕ್ರ ಬಿಚ್ಚದೇ ಇದ್ದಿದ್ದರೆ ನಿಮ್ಮ ಕೈ ಉಳೀತಿತ್ತೋ ಏನೋ. ನಿಮ್ಮ ಮುಖ ಒಂದು ಸಲಾನೂ ನೋಡಲಿಲ್ಲ ನಾನು.”

ಇವರು ತಲೆ ಬಗ್ಗಿಸಿ ಎಡಗೈಯನ್ನು ನೋಡಿಕೊಂಡರು. ಆಮೇಲೆ ಹೇಳಿದರು, “ಬೆಸೆಂಟ್ ನಗರದಲ್ಲಿ ಕಾಫಿ ಕುಡಿಯೋವಾಗ್ಲೇ ಕೈ ಜೋಮು ಹಿಡಿದಿತ್ತು ಮಾ.”

ನನಗೆ ಅರ್ಥವಾಗಲಿಲ್ಲ. “ಏನು?”

“ಲೋಟ ಹಿಡಿಯೋಕೆ ಆಗ್ಲಿಲ್ಲ. ಬಲಗೈಗೆ ತಗೊಂಡೆ. ಹೇಳಿದ್ರೆ ನೀನು ಕೀ ಕಿತ್ಕೊಂಡು ಮನೆಗೆ ಕರ್ಕೊಂಡು ಹೋಗ್ತಿದ್ದೆ. ಎಲ್ಲರ ಮುಂದೆ. ವಂಡಿ ಎಳೀತಿದೆ ಅಂದೆ. ನೀನು ನಂಬಿದೆ. ಆಮೇಲೆ ನಾನೂ ನಂಬಿಬಿಟ್ಟೆ.”

ಎಂಟು ತಿಂಗಳು ಸತ್ತ ಹಾಗಿದ್ದ ನನ್ನೊಳಗೆ ಸಿಟ್ಟು ಬಂತು. ಆರು ಗಂಟೆಯಿಂದ ಲೆಕ್ಕ ಹಾಕಿದರೆ, ನಾನು ಆ ಚಕ್ರ ಬಿಚ್ಚದೇ ಇದ್ದಿದ್ದರೂ ತಡವಾಗೇ ಇರುತ್ತಿತ್ತು. ಈ ಮನುಷ್ಯನ ಕೆನ್ನೆಗೆ ಬಾರಿಸಬೇಕು, ಇಲ್ಲವೇ ಆ ರಸ್ತೆಯಲ್ಲಿ ಎತ್ತಲಾದರೂ ನಡೆದು ಹೋಗಿಬಿಡಬೇಕು ಅನ್ನಿಸಿತು.

“ಇಳೀರಿ. ನಾನು ಇಳೀಬೇಕು.”

“ನನಗೆ ಇಳಿಯೋಕೆ ಆಗಲ್ಲ ಮಾ. ನೀನು ಬಂದು ಹಿಡ್ಕೋಬೇಕು.”

“ನೀವು ಇಳಿಯದೆ ನಾನು ಹೇಗ್ರೀ ಬರಲಿ?”

ಇವರ ಭುಜ ಅಲುಗುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ ಹಿಂದಿನಿಂದ ಗೊತ್ತಾಗಲಿಲ್ಲ, ನಾನು ಕೇಳಲೂ ಇಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ನಾನೇ ಜೋರಾಗಿ ಅಳುತ್ತಿದ್ದೆ.